ಮುಂದಿನ ಸೀಟು

ಗಾಲ್ಫ್ ಚೆಂಡು ಸಿಂಹಿಣಿಯ ಪಕ್ಕೆಗೆ ಬಡಿದ ಸದ್ದು ಹ್ಲೆಂಗಾನಿಗೆ ಸ್ಪಷ್ಟವಾಗಿ ಕೇಳಿಸಿತು. ಹೆಜ್ಜೆಗುರುತು ಹುಡುಕುವವನಿಗೆಂದು ಸಫಾರಿ ಜೀಪಿನ ಮೂತಿಯ ಮೇಲೆ ಕೂರಿಸಿದ ಒಂಟಿ ಸೀಟಿನಲ್ಲಿ ಅವನಿದ್ದ. ಅದಕ್ಕೆ ಬಾಗಿಲಿಲ್ಲ, ಗಾಜಿಲ್ಲ. ಸಿಂಹಿಣಿ ಎದ್ದು ಬಾಲ ಬಡಿಯುತ್ತ ಹತ್ತು ಹೆಜ್ಜೆ ದೂರದಿಂದ ಅವನನ್ನೇ ದಿಟ್ಟಿಸಿತು. ಅವನು ಉಸಿರು ಬಿಗಿಹಿಡಿದು ಕಲ್ಲಿನಂತೆ ಕೂತ. ಕೊನೆಗೆ ಅದು ಮುಖ ತಿರುಗಿಸಿ ಮೊಪಾನೆ ಪೊದೆಗಳಾಚೆ ಹೊರಟುಹೋಯಿತು.

"ಎಂಥಾ ಫೋಟೋ! ಸೋಮಾರಿ ಸಿಂಹ, ಅಲ್ಲೀತನಕ ಮುಖಾನೇ ಎತ್ತಿರ್ಲಿಲ್ಲ," ಎಂದು ಹಿಂದಿನ ಸಾಲಿನಿಂದ ಚೆಂಡೆಸೆದಿದ್ದ ಪ್ರವಾಸಿ ಕರ್ಶಾ ನಕ್ಕ. "ನಡೀರಿ ನಡೀರಿ, ಹತ್ತೂವರೆಗೆ ನಮ್ಮ ಗಾಲ್ಫ್ ಶುರು."

ಹ್ಲೆಂಗಾನಿ ಕೆಳಗಿಳಿದು, ಹುಲ್ಲಿನಲ್ಲಿದ್ದ ಚೆಂಡನ್ನು ಹೆಕ್ಕಿ ತಂದು ತನ್ನ ಸೀಟಿನ ಮೇಲಿಟ್ಟ. ಕರ್ಶಾನತ್ತ ತಿರುಗಿದ. "ಇನ್ನು ಇಲ್ಲಿ ನೀವು ಕೂತ್ಕೊಳ್ಳಿ ಸಾರ್. ನಾನು ಹಿಂದೆ ಕೂತು ಎಸೀತೀನಿ."

"ಒಂದು ತಮಾಷೆಗೆ ಇಷ್ಟು ಉರ್ಕೊಳ್ಳೋದಾ? ರಿಯಾನ್, ಜೀಪು ಹತ್ತೋಕೆ ಹೇಳಯ್ಯ ಇವನಿಗೆ. ಇಲ್ಲಾಂದ್ರೆ ಮ್ಯಾನೇಜರಿಗೆ ಹೇಳಿ ಇವತ್ತೇ ಇವನ ಕೆಲ್ಸ ತೆಗೆಸ್ತೀನಿ."

ಡ್ರೈವರ್ ರಿಯಾನ್‌ಗೆ ಹ್ಲೆಂಗಾನಿಯ ಅರ್ಧ ವಯಸ್ಸು. "ಹತ್ತಿಬಿಡು ಯಜಮಾನ, ದಮ್ಮಯ್ಯ," ಎಂದು ಅವನು ಮೆಲ್ಲಗೆ ಬೇಡಿಕೊಂಡ. "ಮೂರು ಮಕ್ಕಳು ಓದ್ತಿದಾರೆ ನಿಂಗೆ."

"ಆ ಮಕ್ಕಳಿಗೆ ಅಪ್ಪಾನೂ ಬೇಕಲ್ಲ ರಿಯಾನ್."

ಜೀಪು ಚಾಲೂ ಮಾಡಲು ಹೋದ ರಿಯಾನ್‌ನ ಕೈ ಅಲ್ಲೇ ನಿಂತಿತು. ಅವನು ಕೀ ಕಿತ್ತು ಜೇಬಿಗಿಳಿಸಿ ಹಿಂದಕ್ಕೆ ತಿರುಗಿದ.

"ಇಳೀರಿ ಸಾರ್. ಮುಂದೆ ಹೋಗಿ ಕೂತ್ಕೊಳ್ಳಿ. ಆಮೇಲೆ ಹೊರಡೋಣ."