ಹೆಸರಿಗೊಂದು ಹದ್ದು

ಸೀಸದ ಗುಂಡು ಹಂದಿಯೊಳಗೆ ಚೂರಾಗಿ ಚದುರಿತೋ, ಇಲ್ಲ ಮೈ ದಾಟಿ ಹೊರಗೆ ಹೋಯಿತೋ? ಬಂಡೆಯ ಮೇಲೆ ಹಂದಿಯನ್ನು ಬಗೆದು ಉತ್ತಯ್ಯ ಬೆರಳಿನಿಂದ ಹುಡುಕಿದ. ಏನೂ ಸಿಗಲಿಲ್ಲ. ಸಿಗದಿದ್ದರೆ ಇಲ್ಲವೆಂದು ಅರ್ಥವೇ?

ಸೀಸದ ಗುಂಡು ನಿಷೇಧವಾಗಿ ತಾಮ್ರದ್ದು ಬಂದ ಮೇಲೆ ಕೋವಿ ಇರುವ ಪ್ರತಿಯೊಬ್ಬನ ಹೆಸರಿಗೂ ಸರ್ಕಾರ ಒಂದು ರಣಹದ್ದನ್ನು ಬರೆದಿತ್ತು. ಅದು ಸೀಸ ತಿಂದು ಸತ್ತರೆ ಆ ಹೆಸರಿನವನ ತೋರುಬೆರಳನ್ನು ಕತ್ತರಿಸುತ್ತಿದ್ದರು. ಯಾರು ಹೊಡೆದ ಬೇಟೆಯನ್ನು ತಿಂದಿತ್ತೆಂದು ಕೇಳುತ್ತಿರಲಿಲ್ಲ.

ಮೊದಲು ಇಳಿದದ್ದು ಮೊಣ್ಣಪ್ಪನ ಹದ್ದು. ಕಾಲಿಗೆ ಹಳದಿ ಪಟ್ಟಿ, ಒಂದು ರೆಕ್ಕೆ ಸೊಟ್ಟ. ಹಿಂದೆಯೇ ಮೊಣ್ಣಪ್ಪ ಏದುಸಿರು ಬಿಡುತ್ತ ಬಂದ.

"ನಿನ್ನೆಯಿಂದ ಉಪವಾಸ ಮಾರಾಯ ಇದು. ತಿನ್ಬಹುದಾ?"

"ತಿನ್ಲಿ."

"ತಾಮ್ರದ ಗುಂಡಿಗೆ ಒಂದೇ ಏಟಿಗೆ ಬಿತ್ತಾ? ನಾನು ಹೊಡೆದ ಹಂದಿಗಳೆಲ್ಲ ಗಾಯ ಹೊತ್ಕೊಂಡು ಓಡ್ತಾವೆ. ಕಾನೂನು ಮಾಡಿದವ್ರನ್ನ ಒಂದ್ಸಲ ಅಂಥ ಹಂದಿ ಎದುರು ನಿಲ್ಲಿಸ್ಬೇಕು." ಮೊಣ್ಣಪ್ಪ ನಕ್ಕ. "ಆದ್ರೂ ಸೀಸ ಬೇಡಪ್ಪ. ಬೆರಳು ಹೋದ್ರೆ ಮಗಳಿಗೆ ಜಡೆ ಹಾಕೋರ್ಯಾರು? ಅವಳಮ್ಮನೂ ಇಲ್ಲ."

ಉತ್ತಯ್ಯನ ಹದ್ದು ಬಂಡೆಯ ಅಂಚಿಗೆ ಬಂದು ಕೂತಿತು. ಅವನು ಕೋಲು ಬೀಸಿ ಅದನ್ನು ಓಡಿಸಿದ.

"ಪಾಪ, ಅದನ್ಯಾಕೆ ಓಡಿಸ್ತೀಯ?"

"ನಿಂದು ಮೊದಲು ತಿನ್ಲಿ. ಹಸಿದಿದೆಯಲ್ಲ."

"ನಿನ್ನಂಥವ್ರು ಕಮ್ಮಿ ಮಾರಾಯ," ಎಂದ ಮೊಣ್ಣಪ್ಪ. ಗುಂಡು ಹೊಕ್ಕ ಜಾಗದ ಮೆತ್ತಗಿನ ಮಾಂಸವನ್ನು ತಾನೇ ಕೊಯ್ದು ಹದ್ದಿನ ಕೊಕ್ಕಿಗೆ ಹಿಡಿದ.

ತಾನು ಹೊಡೆದದ್ದು ಸೀಸದ ಗುಂಡು ಎಂದು ಉತ್ತಯ್ಯ ಹೇಳಲಿಲ್ಲ.