ಕಿವಿ ಮುಟ್ಟಿದ ಕೈ

ಎಲ್ಲಾ ಕಡೆ ಇಲ್ಲ ಅನ್ನಿಸ್ಕೊಂಡು, ಕಡೀಕ ಮಸ್ಕತ್‌ನ ದೊಡ್ಡ ಸಾಲ್ಯಾಗ ಮೊಮ್ಮಗಳಿಗೆ ಸೀಟು ಸಿಕ್ಕಿತು ಅಂತ ಮಗಳು ಇವತ್ತ ವಿಡಿಯೋ ಕಾಲ್ ಮಾಡಿದಾಗ, ನನ್ನ ಒಲಿ ಮ್ಯಾಲ ಕುಸುಬಿ ಎಣ್ಣಿ ಕಾಯಾಕತ್ತಿತ್ತು. ಆ ವಾಸನಿಗೆ ನನ್ನ ತವರೂರು ದೇವಣಗಾಂವದ ಒಂದು ಮಧ್ಯಾಹ್ನ ಕಣ್ಮುಂದ ಬಂತು.

ಆಗ ನೆತ್ತಿ ಮ್ಯಾಲಿಂದ ಕೈ ಹಾಕಿ ಆಚೆ ಕಿವಿ ಮುಟ್ಟಿದ ಹುಡುಗರನ್ನಷ್ಟ ವಯಸ್ಸಾತು ಅಂತ ಸಾಲಿಗೆ ಸೇರಿಸ್ಕೋತಿದ್ರು. ನನ್ನ ಕೈ ಮುಟ್ಟುತ್ತಿರಲಿಲ್ಲ. ಈ ವರ್ಷ ತಪ್ಪಿದರ ಹೊಲಕ್ಕ ಕಳಸ್ತೇನಿ ಅಂದಿದ್ದ ಅಪ್ಪ. ಅವ್ವ ಬಿಸಿ ಎಣ್ಣಿ ಹಚ್ಚಿ ನನ್ನ ಕೈ ಜಗ್ಗಿದ್ದೇ ಜಗ್ಗಿದ್ದು.

"ಯವ್ವಾ, ನೋಯ್ತೈತಿ!"

"ತಡ್ಕೊ ನನ್ನವ್ವ, ಇನ್ನೊಂದು ಬಟ್ಟಿನಷ್ಟು ಉದ್ದ ಬಂದ್ರ ಸಾಕು."

ಬಾಗಿಲದಾಗ ಕೂತಿದ್ದ ಅತ್ತಿ ನಕ್ಕಳು. "ಅದೇನ ಶಾವಿಗಿ ಹಿಟ್ಟೇನ, ಜಗ್ಗಿದಷ್ಟು ಬರಾಕ?"

ಸಾಲ್ಯಾಗ ಮಾಸ್ತರ ಮುಂದ ಉಸಿರು ಬಿಗಿಹಿಡಿದು, ಕಿವಿ ಕೈಗೆ ಸಿಗಲಿ ಅಂತ ತಲಿ ವಾಲಿಸಿದೆ.

"ನೆಟ್ಟಗ ನಿಂದ್ರವಾ," ಅಂದ್ರು. ಎಣ್ಣಿಗೈ ಜಾರಿತು. "ಮುಂದಿನ ವರ್ಷ ಕರ್ಕೊಂಡು ಬರ್ರಿ."

ಅವ್ವ ಸೆರಗೊಡ್ಡಿದಳು. "ಮುಂದಿನ ವರ್ಷ ಇಕಿನ್ನ ಯಾರು ಕಳಸ್ತಾರ್ರೀ?"

ಮರುದಿನ ನಾ ಅಪ್ಪನ ಹಿಂದ ಹೊಲಕ್ಕ ಹ್ವಾದೆ.

ಫೋನಿನ್ಯಾಗ ಮೊಮ್ಮಗಳು ಕುಣ್ಯಾಕತ್ತಿದ್ದಳು. "ನೆತ್ತಿ ಮ್ಯಾಲಿಂದ ಕೈ ಹಾಕಿ ಕಿವಿ ಮುಟ್ಟವ್ವಾ," ಅಂದೆ. ಮುಟ್ಟಿದಳು! ಬೆರಳು ಕಿವಿ ದಾಟಿ ಗಲ್ಲಕ್ಕ ಬಂದಿತ್ತು. ಅತ್ತ ಒಲಿ ಮ್ಯಾಲ ಎಣ್ಣಿ ಹೊಗಿ ಎದ್ದಿತ್ತು, ಏಳಲಿ ಬಿಡು. "ಇನ್ನೊಮ್ಮೆ ಮುಟ್ಟ ನನ್ನವ್ವ," ಅಂದೆ.