ಹಗ್ಗದ ಈ ತುದಿ

ಬಿಜಲಿ ಹಿಂಗಾಲಿನ ಮೇಲೆ ಎದ್ದು ಬೊಗಳಿದ ರಭಸಕ್ಕೆ ಅನಸವ್ವ ಗಾಬರಿಯಿಂದ ಹಿಂದೆ ಸರಿದಳು, ಗಟಾರದ ಅಂಚಿನಲ್ಲಿ ಕಾಲು ಜಾರಿ ಬಿದ್ದೇಬಿಟ್ಟಳು. ಕೈಯಲ್ಲಿದ್ದ ಕಸಬರಿಗೆ ದೂರ ಹೋಗಿ ಬಿತ್ತು, ಮೊಣಕೈ ತರಚಿತು. ಬನಶಂಕರಿ ನಾಯಿಯ ಹಗ್ಗವನ್ನು ಎರಡೂ ಕೈಯಿಂದ ಜಗ್ಗಿ ಹಿಡಿದು, ಪೆಟ್ಟಾಯಿತೇ ಎಂದು ನಿಂತಲ್ಲಿಂದಲೇ ಕೇಳಿದಳು. ಏನೂ ಆಗಿಲ್ಲವೆಂದು ಹೇಳಿ ಅನಸವ್ವ ಸೆರಗಿನಿಂದ ಮೊಣಕೈ ಒರೆಸಿಕೊಂಡು ಎದ್ದಳು, ಮತ್ತೆ ಓಣಿ ಗುಡಿಸತೊಡಗಿದಳು.

ಮುಧೋಳದಿಂದ ತಂದಿದ್ದ ಆ ಬೇಟೆನಾಯಿಗೆ ಹಗ್ಗದಲ್ಲಿ ಶಾಂತವಾಗಿ ನಡೆಯುವುದನ್ನು ಕಲಿಸಿದವಳು ಬನಶಂಕರಿಯೇ. ಅದು ಜಗ್ಗಿದರೆ ಇವಳು ಅಲ್ಲೇ ನಿಂತುಬಿಡುವಳು. ಹಗ್ಗ ಸಡಿಲಾದರೆ ಬಿಸ್ಕೀಟಿನ ಚೂರು ಕೊಟ್ಟು ಮುಂದೆ ಹೆಜ್ಜೆ ಹಾಕುವಳು. ಈಗ ಮಗ್ಗಗಳ ಸದ್ದಿಗಾಗಲಿ, ನೂಲಿನ ಮೂಟೆ ಹೊತ್ತ ಆಟೋಗಳಿಗಾಗಲಿ ಬಿಜಲಿ ಬೆದರುತ್ತಿರಲಿಲ್ಲ. ಬನಹಟ್ಟಿ ಪೇಟೆಯಲ್ಲಿ ಜನ ನಿಂತು ನೋಡುತ್ತಿದ್ದರು. ಆದರೆ ಅನಸವ್ವ ಎದುರಾದರೆ ಮಾತ್ರ ಕಲಿತದ್ದೆಲ್ಲ ನೀರುಪಾಲು.

ಮರಿ ಕೊಟ್ಟವರಿಗೆ ನಾಯಿ ನಡೆಯುವ ಚೆಂದ ತೋರಿಸಬೇಕೆಂದು ಬನಶಂಕರಿಯ ಗಂಡ ಮಲಕಾಜಪ್ಪ ಅಂದು ಕಟ್ಟೆಯ ಮೇಲೆ ನಿಂತು ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದ. ಅನಸವ್ವ ಬಿದ್ದದ್ದೂ ಅದರಲ್ಲಿ ಸೇರಿಕೊಂಡಿತ್ತು. ಚಹಾ ಕುಡಿಯುತ್ತ ಅವನೇ ಒಂದು ದಾರಿ ಹೇಳಿದ: ಗುಡಿಸುವವರ ಮುಕಾದಮ ತನಗೆ ಪರಿಚಯ; ಒಂದು ಮಾತು ಹೇಳಿದರೆ ಆ ಹೆಂಗಸನ್ನು ಬೇರೆ ಓಣಿಗೆ ಹಾಕುತ್ತಾನೆ.

“ನಾಯಿಗೆ ಎಲ್ಲಾ ತಿಳಿತೈತಿ ನೋಡ,” ಎಂದ. “ಯಾರನ್ನ ಹತ್ತರ ಬಿಡಬೇಕು, ಯಾರನ್ನ ಬಿಡಬಾರದು ಅಂತ.”

ಬನಶಂಕರಿ ತಲೆಯಾಡಿಸಿ ಮೊಬೈಲು ಇಸಿದುಕೊಂಡಳು. ವಿಡಿಯೊದಲ್ಲಿ ಬಿಜಲಿ ನೆಲ ಮೂಸುತ್ತ ಬರುತ್ತಿದೆ. ದೂರದಲ್ಲಿ ಅನಸವ್ವ ಇದ್ದಾಳೆ, ನಾಯಿ ಅವಳನ್ನು ಇನ್ನೂ ನೋಡಿಯೇ ಇಲ್ಲ. ನೋಡಿದವಳು ಬನಶಂಕರಿ. ಅವಳ ಎಡಗೈ ಸೀರೆಯ ನೆರಿಗೆಯನ್ನು ಒತ್ತಿ ಹಿಡಿದುಕೊಳ್ಳುತ್ತದೆ, ಬಲಗೈ ಹಗ್ಗವನ್ನು ಸುತ್ತಿ ಬಿಗಿಯುತ್ತದೆ. ಕೊರಳು ಬಿಗಿದಾಗ ಬಿಜಲಿ ತಲೆಯೆತ್ತಿ, ಏನು ಬಂತು ಎಂಬಂತೆ ಒಡತಿಯ ಮುಖ ನೋಡುತ್ತದೆ. ಆಮೇಲೆ ಅವಳು ನೋಡುತ್ತಿದ್ದ ಕಡೆ ನೋಡುತ್ತದೆ. ಆಮೇಲೆ ನೆಗೆಯುತ್ತದೆ.

ಅವಳು ಮತ್ತೊಮ್ಮೆ ನೋಡಿದಳು. ಅನಸವ್ವನಿಗೆ ಒಂದು ದಿನವೂ ಗದರಿದವಳಲ್ಲ ಅವಳು. ಹಬ್ಬಕ್ಕೆ ಹೋಳಿಗೆ ಕೊಟ್ಟಿದ್ದಳು, ಮೇಲಿನಿಂದ ಕೈಗೆ ಬಿಟ್ಟು. ತಾನು ಅಂಥವಳಲ್ಲ ಎಂದೇ ಇಷ್ಟು ವರ್ಷ ತಿಳಿದಿದ್ದಳು. ದಿನವೂ ಈ ಕೈ ಹೀಗೇ ಬಿಗಿಯುತ್ತಿದ್ದಿರಬೇಕು. ನಾಯಿ ಪಾಠವನ್ನು ತಪ್ಪಿಲ್ಲದೆ ಕಲಿತಿತ್ತು.

“ಮುಕಾದಮಗ ಏನೂ ಹೇಳಬ್ಯಾಡ್ರಿ,” ಎಂದಳು.

ಯಾಕೆಂದು ಮಲಕಾಜಪ್ಪ ಕೇಳಿದ. ಅವಳು ಮೊಬೈಲನ್ನು ಮಗುಚಿಟ್ಟು, ಖಾಲಿ ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಹಗ್ಗವನ್ನು ಒಂದೇ ಬೆರಳಿಗೆ ಸಿಕ್ಕಿಸಿಕೊಂಡು ಹೊರಟಳು. ಅವಳನ್ನು ಕಂಡೊಡನೆ ಅನಸವ್ವ ಗುಡಿಸುವುದನ್ನು ಬಿಟ್ಟು ಎದುರಿನ ಗೋಡೆಗೆ ಆತು ನಿಂತಳು.

“ಅನಸವ್ವಾ, ಈ ಕಡೆನ ಬರ್ರಿ. ಅದೇನೂ ಮಾಡಂಗಿಲ್ಲ.”

‘ಬರ್ರಿ’ ಎಂದದ್ದು ಬನಶಂಕರಿಗೇ ಹೊಸದಾಗಿ ಕೇಳಿಸಿತು. ಅನಸವ್ವ ಬರಲಿಲ್ಲ. ಬಿಜಲಿಯೇ ನಿಧಾನವಾಗಿ ಹೋಗಿ ಅವಳ ಕಾಲು ಮೂಸಿತು, ಬಾಲ ಅಲ್ಲಾಡಿಸಿತು. ಹಗ್ಗ ಸಡಿಲವಾಗಿ ನೆಲಕ್ಕೆ ತಾಗುತ್ತಿತ್ತು.

ಅನಸವ್ವ ಗೋಡೆ ಬಿಟ್ಟು ಅಲುಗಲಿಲ್ಲ. ಅವಳ ಕಣ್ಣು ನಾಯಿಯ ಮೇಲಿರಲಿಲ್ಲ, ಬನಶಂಕರಿಯ ಕೈಯ ಮೇಲಿತ್ತು.